ತುರ್ತಾಗಿ ಪದ ಬೇಕು: ‘ಲಯಬಿಲಿಟಿ’ಗೆ ಹೊಣೆಯೋ, ಬಾಧ್ಯತೆಯೋ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆಯೊಳಗೆ ಪದ ಬೇಕು. ಪರಿಚಯದವರೊಬ್ಬರು ಮನೆ ಬಾಡಿಗೆಗೆ ಕೊಡುತ್ತಿದ್ದಾರೆ. ಅವರ ವಿಮೆಯಲ್ಲಿ ‘ಲಯಬಿಲಿಟಿ’ ಅಂತ ಒಂದು ಭಾಗವಿದೆ. ಮಳೆಗಾಲದಲ್ಲಿ ಮೆಟ್ಟಿಲಿಗೆ ಪಾಚಿ ಕಟ್ಟಿ ಬಾಡಿಗೆದಾರರು ಜಾರಿ ಬಿದ್ದರು ಅಂದುಕೊಳ್ಳಿ. ತಪ್ಪು ಮಾಲೀಕರದ್ದು ಅಂತ ತೀರ್ಮಾನವಾದರೆ ಪರಿಹಾರದ ಹಣವನ್ನು ಕಂಪನಿ ಕೊಡುತ್ತದೆ. ಇದನ್ನು ಕರಾರು ಪತ್ರದಲ್ಲಿ ಕನ್ನಡದಲ್ಲಿ ಬರೆಯಬೇಕು. ‘ಬಾಧ್ಯತಾ ವಿಮೆ’ ಅಂತ ಬರೆದೆ, ಓದಿದವರಿಗೆ ತಿಳಿಯಲಿಲ್ಲ. ‘ಸಾರ್ವಜನಿಕ ಹೊಣೆ ವಿಮೆ’ ಅನ್ನೋಣ ಅಂದರೆ ಆ ಹೆಸರಿನ 1991ರ ಕಾಯ್ದೆಯೇ ಇದೆ. ಅದು ಅಪಾಯಕಾರಿ ವಸ್ತುಗಳ ಅವಘಡಕ್ಕೆ ಸಂಬಂಧಿಸಿದ್ದು.

ಹಾಸನದಿಂದ ಉತ್ತರ:
‘ಹೊಣೆ’ ಸಾಕು. ಹಳಗನ್ನಡದ ‘ಪೊಣೆ’ ಅದು, ತಮಿಳಿನಲ್ಲಿ ‘ಪುಣೈ’. ಕಟ್ಟು, ಬಿಗಿ ಅನ್ನುವ ಅರ್ಥ ಬೇರಿನಲ್ಲೇ ಇದೆ. ಕಟ್ಟುಬಿದ್ದವನೇ ಹೊಣೆಗಾರ. ಇಂಥ ಪದ ಕೈಯಲ್ಲಿದ್ದೂ ಬಾಧ್ಯತೆ ಯಾಕೆ? ‘ಜವಾಬ್ದಾರಿ’ಯೂ ಬೇಡ. ಅರಬ್ಬಿಯ ‘ಜವಾಬ್’ಗೆ ಪಾರಸಿಯ ‘ದಾರ್’ ಸೇರಿದ್ದು. ಮಾಲೀಕನೂ ಬೇಡ, ‘ಮನೆಯೊಡೆಯ’ ಅನ್ನಿ.

ಹಾಸನದಿಂದಲೇ ಇನ್ನೊಬ್ಬರು:
ಬೇರು ಅಗೆಯುತ್ತಾ ಕೂತರೆ ಕೆಲಸ ಆಗುವುದಿಲ್ಲ. ‘ವಿಮೆ’ಯೇ ಪಾರಸಿಯ ‘ಬೀಮಾ’. ‘ಕರಾರು’ ಅರಬ್ಬಿ. ‘ಬಾಡಿಗೆದಾರ’ದಲ್ಲೂ ಅದೇ ‘ದಾರ್’ ಇದೆ. ಎಲ್ಲವನ್ನೂ ಕಿತ್ತುಹಾಕುತ್ತೀರಾ? ನಿಜವಾದ ತೊಡಕು ಬೇರೆ. ‘ಸಾಲಕ್ಕೆ ಹೊಣೆ ನಿಂತ’ ಅಂದರೆ ಜಾಮೀನು ನಿಂತ ಅಂತ. ಬರೀ ‘ಹೊಣೆ ವಿಮೆ’ ಅಂದರೆ ಜಾಮೀನಿನ ವಿಮೆ ಅಂದುಕೊಳ್ಳುವವರು ಜಾಸ್ತಿ. ‘ಬಾಡಿಗೆದಾರರ ಅಪಘಾತ ವಿಮೆ’ಯಂತೂ ಬೇಡವೇ ಬೇಡ. ಹೇಗೆ ಬಿದ್ದರೂ ಹಣ ಬರುತ್ತದೆ ಅಂತ ಪಾಪ ಅವರು ನಂಬುತ್ತಾರೆ. ಇದು ಮಾಲೀಕರ ತಪ್ಪಿಗೆ ಮಾತ್ರ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ನೋಡಿ. ತನಗೆ ಗೊತ್ತಿದ್ದು ಬಾಡಿಗೆದಾರನ ಕಣ್ಣಿಗೆ ಬೀಳದ ದೊಡ್ಡ ದೋಷವನ್ನು ಮಾಲೀಕ ಮೊದಲೇ ಹೇಳಬೇಕು. ಒಂದೇ ಪದಕ್ಕೆ ಹಟ ಯಾಕೆ? ‘ಮಾಲೀಕರ ತಪ್ಪಿನಿಂದ ಬಾಡಿಗೆದಾರರಿಗೆ ಗಾಯವಾದರೆ ಪರಿಹಾರ ಕೊಡುವ ಹೊಣೆಗೆ ಮಾಡಿಸಿದ ವಿಮೆ’ ಅಂತ ಬಿಡಿಸಿ ಬರೆಯಿರಿ.

ಮೊದಲು ಉತ್ತರಿಸಿದವರು:
ಅದು ಪದವಲ್ಲ, ವಿವರಣೆ. ಒಪ್ಪುವುದಿಲ್ಲ.

ಚಿಕ್ಕಮಗಳೂರಿನಿಂದ:
ಬಿಡಿಸಿ ಬರೆದದ್ದನ್ನೇ ಕೊಡುತ್ತಿದ್ದೇನೆ. ‘ಹೊಣೆ’ ಅದರಲ್ಲಿ ಉಳಿದಿದೆ, ಅದಕ್ಕೆ ನನಗೂ ಸಂತೋಷ. ‘ಮನೆಯೊಡೆಯ’ ಮಾತ್ರ ಬೇಡ. ನಮ್ಮ ತೋಟಗಳ ಕಡೆ ‘ಒಡೆಯ’ ಅಂದರೆ ಆಳು ಧಣಿಯನ್ನು ಕರೆಯುವ ಮಾತು. ಬಾಡಿಗೆ ಕೊಟ್ಟು ಇರುವವರು ಯಾರ ಆಳೂ ಅಲ್ಲ.