ಬಾಲ್ ಪೈಥಾನ್ ಇಲಿ ಮುಟ್ಟುತ್ತಿಲ್ಲ: ಬಲವಂತವಾಗಿ ತಿನ್ನಿಸಬೇಕಾ?

ಪ್ರಶ್ನೆ:
ಎಳೆಯ ಬಾಲ್ ಪೈಥಾನ್ (ಸಾಕುವ ಚಿಕ್ಕ ಜಾತಿಯ ಹೆಬ್ಬಾವು), 210 ಗ್ರಾಂ. ಜಾಗ ಬದಲಾದ ಮೇಲೆ ಏನೂ ತಿಂದಿಲ್ಲ. ಫ್ರೀಜರ್‌ನ ರ‍್ಯಾಟ್ (ದೊಡ್ಡ ಜಾತಿಯ ಇಲಿ) ಕರಗಿಸಿ ದಿನ ಬಿಟ್ಟು ದಿನ ತೋರಿಸಿದರೆ ನಾಲಿಗೆ ಆಡಿಸಿ ನೋಡುತ್ತೆ, ಆಮೇಲೆ ತಲೆ ಒಳಗೆಳೆದು ಚೆಂಡಾಗಿಬಿಡುತ್ತೆ. ದೊಡ್ಡ ಗಾಜಿನ ತೊಟ್ಟಿ, ಅಡಗಲು ಒಂದೇ ಗೂಡು, ಬಿಸಿ ಬದಿ 28 ಡಿಗ್ರಿ. ಮೊದಲಿನವರು ಜೀವಂತ ಮೌಸ್ (ಚಿಕ್ಕ ಜಾತಿಯ ಇಲಿ) ಹಾಕುತ್ತಿದ್ದರಂತೆ.

ಉತ್ತರ 1:
ಬಲವಂತ ಬೇಡವೇ ಬೇಡ. ಚೆಂಡಾಗೋದು ಹೆದರಿಕೆಯ ಲಕ್ಷಣ, ಹೆದರಿದ ಹಾವು ಬೇಟೆಯಾಡಲ್ಲ. ದಿನ ಬಿಟ್ಟು ದಿನ ಇಲಿ ಮುಂದೆ ಹಿಡಿದರೆ ಆ ಹೆದರಿಕೆಯೇ ಗಟ್ಟಿಯಾಗುತ್ತೆ.

ಮೊದಲು ತೊಟ್ಟಿ ಸರಿಮಾಡಿ. ಬಿಸಿ ಬದಿ 31ರಿಂದ 33, ತಂಪು ಬದಿ 25ರಿಂದ 27 ಡಿಗ್ರಿ ಇರಲಿ. ಶಾಖ ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟ್ (ತೊಟ್ಟಿ ಬಿಸಿಮಾಡುವ ವಿದ್ಯುತ್ ಹಾಸು) ಹಾಕಬೇಡಿ, ಹೊಟ್ಟೆ ಸುಡುತ್ತೆ. ಗೋಡೆಗೆ ಅಂಟಿಸಿದ ಡಯಲ್ ಮೀಟರ್ ನಂಬದೆ, ಹಾವು ಮಲಗುವ ಜಾಗದಲ್ಲೇ ಡಿಜಿಟಲ್ ಪ್ರೋಬ್ ಇಟ್ಟು ಅಳೆಯಿರಿ. ತೇವಾಂಶ 60 ಶೇಕಡಾ ಆಸುಪಾಸು. ಗೂಡು ಎರಡು ಬೇಕು, ಒಂದೊಂದು ಬದಿಗೆ ಒಂದು. ಸುತ್ತಿಕೊಂಡಾಗ ಬೆನ್ನು ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಲಿ. ಒಂದೇ ಇದ್ದರೆ ಅದು ಬಿಸಿ ಬೇಕೋ ಸುರಕ್ಷತೆ ಬೇಕೋ ಅಂತ ಆರಿಸಬೇಕಾಗುತ್ತೆ. ಗಾಜಿನ ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ, ಖಾಲಿ ಜಾಗದಲ್ಲಿ ಪ್ಲಾಸ್ಟಿಕ್ ಎಲೆ ತುಂಬಿ. ಆಮೇಲೆ 10 ದಿನ ನೀರು ಬದಲಿಸೋದು ಬಿಟ್ಟು ಕೈ ಹಾಕಬೇಡಿ.

ಉತ್ತರ 2:
ಮೇಲಿನದೆಲ್ಲ ಸರಿ. ಆದರೆ ಇಲ್ಲಿ ಇಲಿಯೂ ಬದಲಾಗಿದೆ: ಜೀವಂತ ಇದ್ದದ್ದು ಸತ್ತದ್ದಾಯ್ತು, ಮೌಸ್ ಇದ್ದದ್ದು ರ‍್ಯಾಟ್ ಆಯ್ತು. ಎರಡೂ ಒಟ್ಟಿಗೆ ಬದಲಿಸಬಾರದಿತ್ತು. ಸದ್ಯಕ್ಕೆ ಮೌಸ್‌ಗೇ ಮರಳಿ, 20ರಿಂದ 30 ಗ್ರಾಂನದ್ದು.

ಬಾಲ್ ಪೈಥಾನ್ ತುಟಿಯ ಕುಳಿಗಳಿಂದ ಶಾಖ ಗ್ರಹಿಸುತ್ತೆ, ತಣ್ಣಗಿನ ಇಲಿ ಅದಕ್ಕೆ ಬೇಟೆಯೇ ಅಲ್ಲ. ರಾತ್ರಿಯಿಡೀ ಫ್ರಿಜ್‌ನಲ್ಲಿ ಕರಗಿಸಿ, ಜಿಪ್ ಕವರ್‌ನಲ್ಲಿ ಹಾಕಿ, 40-45 ಡಿಗ್ರಿಯ ನೀರಲ್ಲಿ 15-20 ನಿಮಿಷ ಮುಳುಗಿಸಿ. ಕುದಿಯುವ ನೀರಾಗಲಿ ಮೈಕ್ರೋವೇವ್ ಆಗಲಿ ಬೇಡ. ಹೊರಗೆ ಬೆಂದು ಒಳಗೆ ಮಂಜುಗಟ್ಟಿರುತ್ತೆ, ಹೊಟ್ಟೆಯೂ ಒಡೆಯುತ್ತೆ. ಒರೆಸಿ, ಕೊನೆಗೆ ತಲೆಗೆ ಮಾತ್ರ ಹೇರ್ ಡ್ರೈಯರ್ ಹಿಡಿದು 38-40 ಡಿಗ್ರಿಗೆ ತನ್ನಿ.

ಕತ್ತಲಾದ ಮೇಲೆ ಕೊಡಿ. ಉದ್ದ ಇಕ್ಕಳದಲ್ಲಿ ಬೆನ್ನು ಹಿಡಿದು, ಗೂಡಿನ ಬಾಯಿಂದ ಒಂದು ಗೇಣು ದೂರದಲ್ಲಿ ನಿಧಾನಕ್ಕೆ ಅಲುಗಿಸಿ, ಹಾವಿನಿಂದ ದೂರ ಹೋಗುವ ಹಾಗೆ. ಮುಖಕ್ಕೆ ತಿವಿಯೋದೇ ಎಲ್ಲರೂ ಮಾಡುವ ಎಡವಟ್ಟು. ಐದು ನಿಮಿಷದಲ್ಲಿ ಹಿಡಿಯದಿದ್ದರೆ ಗೂಡಿನ ಮುಂದೆ ಇಟ್ಟು, ದೀಪ ಆರಿಸಿ ಹೋಗಿ. ಬೆಳಿಗ್ಗೆಗೂ ಉಳಿದಿದ್ದರೆ ಎಸೆಯಿರಿ, ಮತ್ತೆ ಫ್ರೀಜರ್‌ಗೆ ಹಾಕಬೇಡಿ. ಮುಂದಿನ ಪ್ರಯತ್ನ ವಾರದ ನಂತರ.

ಪ್ರಶ್ನಿಸಿದವರು:
ಅಷ್ಟರಲ್ಲಿ ಸೊರಗಿದರೆ? ಒಮ್ಮೆ ಜೀವಂತದ್ದು ಹಾಕಿಬಿಡಲೇ?

ಉತ್ತರ 3:
ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ತೂಕ ಹತ್ತರಲ್ಲೊಂದು ಪಾಲು ಇಳಿದರೆ, ಅಂದರೆ ನಿಮ್ಮದು 190ರ ಕೆಳಗೆ ಹೋದರೆ, ಸರೀಸೃಪ ಬಲ್ಲ ಪಶುವೈದ್ಯರ ಹತ್ತಿರ ಹೋಗಿ. ಬೆಳೆದ ಹಾವು ತಿಂಗಳುಗಟ್ಟಲೆ ಉಪವಾಸ ಇದ್ದರೂ ತೂಕ ಇಳಿಯದೆ ಇರಬಹುದು. ಮರಿಗೆ ಅಷ್ಟು ದಾಸ್ತಾನು ಇರಲ್ಲ. ಬಾಯಿ ತೆರೆದು ಉಸಿರಾಡುವುದು, ಮೂಗಲ್ಲಿ ಗುಳ್ಳೆ, ಒಸಡಿನಲ್ಲಿ ಕೀವು, ಕಣ್ಣಂಚಿನಲ್ಲಿ ಕಪ್ಪು ಉಣ್ಣಿಹುಳ ಕಂಡರೆ ತೂಕಕ್ಕೆ ಕಾಯಲೇಬೇಡಿ. ಕಣ್ಣು ಹಾಲುಗಟ್ಟಿದ್ದರೆ ಮಾತ್ರ ನಿಶ್ಚಿಂತೆ, ಪೊರೆ ಬಿಡುವ ತನಕ ಇಲಿ ತೋರಿಸುವುದೇ ದಂಡ.

ಜೀವಂತ ಮೌಸ್ ನನಗೆ ಇಷ್ಟವಿಲ್ಲ, ಹಸಿವಿಲ್ಲದ ಹಾವನ್ನು ಅದೇ ಕಚ್ಚಿ ಗಾಯ ಮಾಡುತ್ತೆ. ಅದರ ಬದಲು, ಸಾಕಿದ ಮೌಸ್‌ಗಳ ಕೆಳಗೆ ಹಾಸಿದ ಹೊಟ್ಟನ್ನು, ವಾಸನೆ ಹತ್ತಲೆಂದು, ಕರಗಿಸಿದ ಇಲಿಗೆ ಉಜ್ಜಿ. ಅದಕ್ಕೂ ಜಗ್ಗದಿದ್ದರೆ ಇಲಿಯ ತಲೆಬುರುಡೆಗೆ ಸೂಜಿ ಚುಚ್ಚಿ, ಹೊರಬಂದದ್ದನ್ನು ಮೂತಿಗೆ ಸವರಿ. ನೋಡಲು ಅಸಹ್ಯ, ಆದರೆ ಎಷ್ಟೋ ಹಠಮಾರಿಗಳು ಇದಕ್ಕೇ ಬಾಯಿ ಹಾಕಿವೆ. ನುಂಗಿದ ಮೇಲೆ 48 ಗಂಟೆ ಎತ್ತಬೇಡಿ, ಕಕ್ಕಿಬಿಡುತ್ತೆ. ನಾಲ್ಕೈದು ಊಟ ತಪ್ಪದೆ ಆದಮೇಲಷ್ಟೇ ಮೌಸ್ ವಾಸನೆ ಸವರಿದ ರ‍್ಯಾಟ್ ಮರಿ ತೋರಿಸಿ.