ಪಟ್ಟಿ ಕಟ್ಟಿದ ಮ್ಯಾಕಿ

ಆವತ್ತು ನಾವು ದಿನಾ ಕೂಡೋ ಕಟ್ಟಿ ಬಿಟ್ಟು ರಿಂಗ್ ರೋಡಿನ ಆಚಿ ಒಂದು ಚಾದಂಗಡಿ ಮುಂದ ಕುಂತಿದ್ವಿ. ಕಾರಣ ಮಲ್ಲಣ್ಣ. ಮೂರು ತಿಂಗಳ ಚೀಟಿ ರೊಕ್ಕ ಬಾಕಿ ಇಟ್ಟಿದ್ದ, ಚೀಟಿ ಕಾಕಾ ಹಳೇ ಕಟ್ಟಿಗಿ ದಿನಾ ಬಂದು ಹೋಗ್ತಿದ್ದ. ಕಲಬುರಗಿ ಬಿಸಲು, ಸಂಜಿ ಆರಾದ್ರೂ ಕುಂತ ಕಲ್ಲು ರೊಟ್ಟಿ ಹಂಚಿನಂಗ ಕಾದಿತ್ತು.

ಸುಸಲಾ ಮುಕ್ಕುತ್ತ ಮಲ್ಲಣ್ಣ ಅಂದ, "ನೀಲಕಂಠರಾಯನ ಗಡ್ಡಿ ಕಡಿ ಒಂದೀಟು ಹೊಲ ಹಿಡದು ಮ್ಯಾಕಿ ಸಾಕ್ತೀನಿ. ಸುತ್ತ ಕೃಷ್ಣಾ ಹೊಳಿ. ಕಳ್ಳ ಬರಂಗಿಲ್ಲ, ತ್ವಾಳ ಬರಂಗಿಲ್ಲ."

"ಚೀಟಿ ಕಾಕಾನೂ ಬರಂಗಿಲ್ಲ," ಅಂದ ಮೌಲಾ. "ಆದ್ರ ನಾರಾಯಣಪುರ ಡ್ಯಾಮಿನ ನೀರು ಬಿಟ್ರಂದ್ರ ನೀನೂ ಹೊರಗ ಬರಂಗಿಲ್ಲ."

ಮಾಸ್ತರ್ರು ಮಿರ್ಚಿ ಕೆಳಗಿಟ್ರು. ರಿಟೈರ್ ಆದ್ರೂ ಪಾಠ ಬಿಟ್ಟಿಲ್ಲ. "ನಡುಗಡ್ಡಿಗೆ ಮ್ಯಾಕಿ ಬಿಟ್ರ ಏನಾಗ್ತದ ಗೊತ್ತದ ಏನು? ಗಲಾಪಗೋಸ್ ಕೇಳ್ರಿ."

"ಗಲ್ಲಾಪೆಟ್ಟಿಗ್ಯಾ?"

"ಗಲಾಪಗೋಸ್ ಲೇ! ಈಕ್ವೆಡಾರ್ ದೇಶದ್ದು, ಸಮುದ್ರದಾಗಿನ ಗಡ್ಡಿಗೋಳು. 1959ರಾಗ ಪಿಂಟಾ ಅನ್ನೋ ಗಡ್ಡಿ ಮ್ಯಾಲ ಮೀನುಗಾರರು ಮೂರು ಮ್ಯಾಕಿ ಬಿಟ್ರು. ಮೂರಂದ್ರ ಮೂರ. ಹದಿನೈದು ವರ್ಷದಾಗ ಹತ್ತಾರು ಸಾವಿರ!"

ಮಲ್ಲಣ್ಣನ ಕಣ್ಣು ಅರಳಿದ್ವು. ಬಾಯಾಗ ಲೆಕ್ಕ ಸುರು ಆತು.

"ಆಡು ಮುಟ್ಟದ ಗಿಡಾ ಇಲ್ಲ ಅಂತೀವಲ್ಲ? ಅಲ್ಲಿ ಮುಟ್ಟಾಕ ಗಿಡಾನ ಉಳೀಲಿಲ್ಲ. ದೈತ್ಯ ಆಮಿಗೋಳಿಗಿ ಮೇವಿಲ್ಲ. ವರ್ಷ ತನಕ ಉಪವಾಸ ತಡಕೊಳ್ಳೋ ಜೀವ ಅದು. ಮೊದಲ ಹಡಗಿನವರು ಹಿಡದು ತಿಂದಿದ್ರು, ಉಳದದ್ದಕ್ಕ ಮ್ಯಾಕಿ ಕಾಟ. ಪಿಂಟಾದಾಗ 1971ರಾಗ ಒಂದ ಒಂದು ಗಂಡಾಮಿ ಸಿಕ್ತು. ಜಾರ್ಜ್ ಅಂತ ಹೆಸರಿಟ್ರು. ಬ್ಯಾರೆ ಗಡ್ಡಿ ಹೆಣ್ಣಾಮಿ ಜೋಡಿ ಮಾಡಿದ್ರು. ತತ್ತಿ ಇಟ್ವು, ಒಂದೂ ಮರಿ ಆಗಲಿಲ್ಲ. 2012ರಾಗ ಸತ್ತಿತು, ಅದರ ಕುಲಾನ ಮುಗೀತು."

ಎಲ್ಲಾರಿಗೂ ಶರಣ್ಯಾನ ನೆನಪಾತು. ಮೂವತ್ತೆಂಟಾತು, ಇನ್ನೂ ಕನ್ಯಾ ನೋಡಾಕತ್ತಾನ. ಅವ ಇನ್ನೂ ಬಂದಿರಲಿಲ್ಲ, ಇದ್ದಿದ್ರ ಅತ್ತೇಬಿಡ್ತಿದ್ದ.

"ಜಾರ್ಜ್ ಇನ್ನೂ ಇದ್ದಾಗ, ಇಸಬೆಲಾ ಅನ್ನೋ ದೊಡ್ಡ ಗಡ್ಡಿ ಹಿಡದು ಮ್ಯಾಕಿ ತೆಗಿಯೋ ಕೆಲಸಾ ಸುರು ಮಾಡಿದ್ರು. 1997ರಿಂದ 2006ರ ತನಕ ನಡೀತು. ನೆಲದ ಮ್ಯಾಲ ನಡದು, ಹೆಲಿಕಾಪ್ಟರಿನಾಗ ಕುಂತು, ಒಂದೂವರಿ ಲಕ್ಷಕ್ಕೂ ಹೆಚ್ಚು ಮ್ಯಾಕಿ ಗುಂಡಿಟ್ಟು ಹೊಡದ್ರು."

ಮೌಲಾನದು ಮಟನ್ ಅಂಗಡಿ. ಚಾ ಗಂಟಲಾಗ ಸಿಕ್ಕೊಂಡಿತು. "ಮಾಂಸಾ?"

"ಅಲ್ಲೇ ಬಿಟ್ರು. ಮಣ್ಣಿಗಿ ಗೊಬ್ಬರ."

"ಯಾ ಅಲ್ಲಾ!" ಎದಿ ಮ್ಯಾಲ ಕೈ ಇಟ್ಟಕೊಂಡ. ಸ್ವಂತ ಮಾವ ಸತ್ತಾಗೂ ಇಷ್ಟು ಮಾರಿ ಇಳಿಸಿರಲಿಲ್ಲ.

"ನಮ್ಮ ದೇಶದಾಗೂ ಆಗ್ಯಾದ. ಅಂಡಮಾನ್ ಕಡಿ ನಾರ್ಕೊಂಡಂ ಅಂತ, ಹೆಚ್ಚು ಕಮ್ಮಿ ಏಳು ಚದರ ಕಿಲೋಮೀಟರ್. ಜಗತ್ತಿನಾಗ ಬ್ಯಾರೆ ಎಲ್ಲೂ ಇಲ್ಲದ ಒಂದು ಮಂಗಟ್ಟೆ ಹಕ್ಕಿ ಅಲ್ಲದ. ಅಲ್ಲಿಗೂ ಪೊಲೀಸ್ ಠಾಣೆಯವರ ಊಟಕ್ಕಂತ ಮ್ಯಾಕಿ ಒಯ್ದಿದ್ರು, ಆಮೇಲ ತೆಗೀಬೇಕಾತು."

"ಹೊಡೀತಾರಂತ ಗೊತ್ತಾದ ಮ್ಯಾಕಿ ಅಡಗಲಿಲ್ಲೇನ್ರಿ?" ಮಲ್ಲಣ್ಣ ಕೇಳಿದ. ಈ ವಿಷಯದಾಗ ಅವಗ ಅನುಭವ ಅದ.

"ಅಡಗಿದ್ವು! ಗವಿಯೊಳಗ, ಕಂಟಿಯೊಳಗ. ಅದಕ್ಕ ಒಂದು ಉಪಾಯ ಮಾಡಿದ್ರು. ಮ್ಯಾಕಿಗಿ ಒಂಟಿ ಇರಾಕ ಆಗಂಗಿಲ್ಲ. ಒಂದನ್ನ ಹಿಡದು ಕೊಳ್ಳಾಗ ರೇಡಿಯೋ ಪಟ್ಟಿ ಕಟ್ಟಿ ಬಿಟ್ರು. ಅದು ಪಾಪ, ಹುಡುಕ್ಯಾಡಿ ತನ್ನ ಗೆಳ್ಯಾರ ಹಂತ್ಯಾಕ ಹೋಯ್ತು. ಹಿಂದ ಇವರು ಹೋದ್ರು, ಉಳದದ್ದೆಲ್ಲಾ ಢಂ. ಪಟ್ಟಿ ಮ್ಯಾಕಿ ಮಾತ್ರ ಜೀವಂತ. ಮತ್ತ ಒಂಟಿ ಆತು, ಮತ್ತ ಹೊಸ ಗೆಳ್ಯಾರನ್ನ ಹುಡುಕಿತು…"

"ಥೂ, ಅದರ!" ಅಂದ ಮಲ್ಲಣ್ಣ.

ಅಷ್ಟರಾಗ ನನ್ನ ಫೋನ್ ಬಡಕೊಂಡಿತು. ಶರಣ್ಯಾ. "ಲೇ, ಎಲ್ಲಿ ಸತ್ತೀರಿ? ಹಳೇ ಕಟ್ಟಿ ಮ್ಯಾಲ ಒಬ್ಬನ ಕುಂತು ಚಾ ಇಳೀವಲ್ದು. ಲೊಕೇಶನ್ ಕಳಸು." ಕಳಿಸಿದೆ. ತಪ್ಪು ನಂದ.

ಹತ್ತು ನಿಮಿಷಕ್ಕ ಬೈಕ್ ಬಂದು ನಿಂತಿತು. ಹಿಂದಿನ ಸೀಟಿನಾಗ ಬಗಲಾಗ ಕೆಂಪು ವಹಿ ಇಟ್ಟಕೊಂಡು ಚೀಟಿ ಕಾಕಾ.

"ಕಾಕಾ ನಡಕೊಂಡು ಹೊಂಟಿದ್ರು ಪಾಪ, ಡ್ರಾಪ್ ಕೊಟ್ಟೆ," ಅಂದ ಶರಣ್ಯಾ, ಮಾರಿ ತುಂಬ ನಗು.

ಮೌಲಾ ಅವನ ಕೊಳ್ಳ ಸುತ್ತ ಕೈ ಆಡಿಸಿ ನೋಡಿದ. ಮಲ್ಲಣ್ಣನ ತಟ್ಟಿಯಾಗ ಅರ್ಧಾ ಮಿರ್ಚಿ ಅಷ್ಟ ಉಳದಿತ್ತು. ಅಂಗಡಿ ಹಿಂದಿನ ಜಾಲಿ ಕಂಟಿ ಸಣ್ಣಗ ಅಲುಗಾಡಾಕತ್ತಿತ್ತು.

"ಮಲ್ಲಣ್ಣಾ!" ಶರಣ್ಯಾ ಬಗ್ಗಿ ನೋಡಿ ಕೂಗಿದ. "ಮುಳ್ಳಾಗ ಯಾಕ ಕುಂತೀದಿಯೋ?"