ವಾಖೌ ಕಣಿವೆಗೆ ಅಪ್ಪ ಅಮ್ಮನನ್ನು ಕರೆದೊಯ್ಯಬಹುದೇ?

ಪ್ರಶ್ನೆ: ಜುಲೈನಲ್ಲಿ ಅಪ್ಪ ಅಮ್ಮ ವಿಯೆನ್ನಾಗೆ ಬರುತ್ತಿದ್ದಾರೆ. ಡಾನ್ಯೂಬ್ ನದಿಯ ವಾಖೌ ಕಣಿವೆ ತೋರಿಸುವ ಆಸೆ. ಇಬ್ಬರೂ ಸಸ್ಯಾಹಾರಿಗಳು, ವೈನ್ ಕುಡಿಯುವುದಿಲ್ಲ, ಅಮ್ಮನಿಗೆ ಮಂಡಿನೋವು ಬೇರೆ. ಒಂದು ದಿನ ಸಾಕೇ? ಹೋಗಿ ಬಂದವರು ತಿಳಿಸಿ.

ಉತ್ತರ 1: ಧಾರಾಳವಾಗಿ ಕರೆದುಕೊಂಡು ಹೋಗಿ. ಆದರೆ ಕಣಿವೆಯ ಮೇಲ್ತುದಿಯ ಊರಾದ ಮೆಲ್ಕ್‌ನಿಂದಲೇ ಹೊರಡಿ. ಅಲ್ಲಿಂದ ಕೆಳತುದಿಯ ಕ್ರೆಮ್ಸ್‌ಗೆ ಸುಮಾರು 35 ಕಿ.ಮೀ. ಹರಿವಿನ ಜೊತೆ ಸಾಗುವ ದೋಣಿ ಎರಡು ಗಂಟೆಯೊಳಗೆ ತಲುಪಿಸುತ್ತದೆ; ಎದುರು ಹರಿವಿನಲ್ಲಿ ಅದೇ ದಾರಿಗೆ ಮೂರು ಗಂಟೆ ಹಿಡಿಯುತ್ತದೆ, ಹಿರಿಯರಿಗೆ ಬೇಸರ ಬರುತ್ತದೆ. ಬೆಳಿಗ್ಗೆಯೇ ಮೆಲ್ಕ್ ಮಠ ನೋಡಿಬಿಡಿ. 1089ರಿಂದ ಬೆನೆಡಿಕ್ಟೈನ್ ಸಂನ್ಯಾಸಿಗಳು ಅಲ್ಲಿದ್ದಾರೆ. ಈಗಿನ ಹಳದಿ ಕಟ್ಟಡ 18ನೇ ಶತಮಾನದ್ದು. ನಿಲ್ದಾಣದಿಂದ ಮಠಕ್ಕೆ ಏರುದಾರಿ, ಅಮ್ಮನಿಗೆ ಟ್ಯಾಕ್ಸಿ ಮಾಡಿ.

ಉತ್ತರ 2: ಊಟದ ಚಿಂತೆ ಬೇಡ, ಕೇಳಿ ತಿನ್ನಬೇಕು ಅಷ್ಟೆ. ದ್ರಾಕ್ಷಿ ಬೆಳೆಗಾರರು ತಮ್ಮದೇ ಅಂಗಳದಲ್ಲಿ ನಡೆಸುವ ‘ಹಾಯ್ರಿಗರ್’ ಎಂಬ ವೈನ್ ಮತ್ತು ತಿಂಡಿಯ ಮನೆಗಳಿವೆ, ಬಾಗಿಲಲ್ಲಿ ಹಸಿರು ಕೊಂಬೆ ತೂಗುತ್ತಿದ್ದರೆ ತೆರೆದಿದೆ ಎಂದು ಅರ್ಥ. ತಟ್ಟೆ ತುಂಬ ಮಾಂಸವೇ ಇರುತ್ತದೆ. ಬ್ರೆಡ್ಡಿಗೆ ಹಚ್ಚುವ ಲಿಪ್ಟೌವರ್ ಚೀಸ್ ಒಳ್ಳೆಯದು, ಆದರೆ ಕೆಲವರು ಅದಕ್ಕೆ ಮೀನು ಅರೆದು ಸೇರಿಸುತ್ತಾರೆ, ವಿಚಾರಿಸಿಯೇ ತೆಗೆದುಕೊಳ್ಳಿ. ಜುಲೈ ಅಲ್ಲಿ ಏಪ್ರಿಕಾಟ್ ಕೊಯ್ಲಿನ ಕಾಲ. ಇಡೀ ಹಣ್ಣನ್ನು ತಾಜಾ ಚೀಸ್ ಬೆರೆಸಿದ ಹಿಟ್ಟಿನಲ್ಲಿ ಮುಚ್ಚಿ, ನಮ್ಮ ಕಡುಬಿನಂತೆ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕೊಡುತ್ತಾರೆ. ಬಿಸಿಯಿರುವಾಗಲೇ ಕತ್ತರಿಸಿದರೆ ಹುಳಿಸಿಹಿ ರಸ ತಟ್ಟೆಗೆ ಹರಿಯುತ್ತದೆ. ನನ್ನ ತಾಯಿ ಎರಡನೆಯದನ್ನೂ ತರಿಸಿಕೊಂಡರು. ವೈನ್ ಬದಲು ದ್ರಾಕ್ಷಿರಸ ಕೇಳಿ, ಸೊಗಸಾಗಿರುತ್ತದೆ.

ಉತ್ತರ 3: ಒಂದು ದಿನ ಸಾಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸಾಧ್ಯವಾದರೆ ಒಂದು ರಾತ್ರಿ ತಂಗಿ. ಎಲ್ಲರೂ ದೋಣಿಯಿಂದ ಇಳಿಯುವುದು ದಾರಿಯ ಪುಟ್ಟ ಊರಾದ ಡ್ಯೂರ್ನ್‌ಶ್ಟೈನ್‌ನಲ್ಲಿ. ನಡುಹಗಲಿನಲ್ಲಿ ಅಲ್ಲಿಯ ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಸಂಜೆ ದೋಣಿಗಳು ಹೋದ ಮೇಲೆ ಊರು ಊರಾಗಿ ಕಾಣುತ್ತದೆ. ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು 1192ರಲ್ಲಿ ಸೆರೆಯಿಟ್ಟಿದ್ದ ಪಾಳುಕೋಟೆ ಗುಡ್ಡದ ಮೇಲಿದೆ. ಕಡಿದಾದ ದಾರಿ, ಅಪ್ಪ ಹತ್ತಲಿ. ಅಮ್ಮ ಕೆಳಗೆ ನೀಲಿ ಗೋಪುರದ ಇಗರ್ಜಿಯ ಬಳಿ ಕೂರಲಿ.

ಇನ್ನೆರಡು ವಿಷಯ ಬಿಡಬೇಡಿ. ಬೆಟ್ಟದ ಮೆಟ್ಟಿಲು ತೋಟಗಳ ಗೋಡೆಗಳನ್ನು ಹತ್ತಿರದಿಂದ ನೋಡಿ: ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದವು. ಕಡಿದಾದ ಇಳಿಜಾರಿಗೆ ಯಂತ್ರ ಹತ್ತದು, ಗೊಂಚಲನ್ನು ಕೈಯಲ್ಲೇ ಕೊಯ್ಯಬೇಕು. 2000ದಲ್ಲಿ ಯುನೆಸ್ಕೋ ಈ ಕಣಿವೆಯನ್ನು ವಿಶ್ವಪರಂಪರೆಗೆ ಸೇರಿಸಿತು. ಆ ಗೋಡೆಗಳಿಲ್ಲದಿದ್ದರೆ ಈ ಕಣಿವೆಗೆ ಈ ರೂಪವೇ ಇರುತ್ತಿರಲಿಲ್ಲ. ಮತ್ತೊಂದು, ಶ್ಪಿಟ್ಸ್‌ನಿಂದ ಎದುರು ದಡದ ಆರ್ನ್ಸ್‌ಡೋರ್ಫ್‌ಗೆ ದಾಟಿಸುವ ದೋಣಿ. ಎಂಜಿನ್ ಇಲ್ಲ, ನದಿಗೆ ಅಡ್ಡಲಾಗಿ ಕಟ್ಟಿದ ತಂತಿಗೆ ತಗುಲಿಕೊಂಡು, ಹರಿವಿನ ಒತ್ತಡದಿಂದಲೇ ಸಾಗುತ್ತದೆ. ಅಪ್ಪನಿಗೆ ಖಂಡಿತ ಇಷ್ಟವಾಗುತ್ತದೆ.

ಮರಳುವಾಗ ಕ್ರೆಮ್ಸ್‌ನಿಂದ ವಿಯೆನ್ನಾಗೆ ನೇರ ರೈಲು, ಸುಮಾರು ಒಂದು ಗಂಟೆ.